ಅನ್ನದ್ದಲ್ಲದ ಬರ: ಆಮೋಸನ ಪ್ರವಾದನೆ ಮತ್ತು ದೇವರ ಮೌನ

ಪ್ರಶ್ನೆ: ಆಮೋಸನ ಗ್ರಂಥದ 8ನೆಯ ಅಧ್ಯಾಯದಲ್ಲಿ ದೇವರು ದೇಶಕ್ಕೆ ಬರವನ್ನು ಕಳುಹಿಸುವೆನೆಂದೂ, ಅದು ಅನ್ನದ ಬರವಲ್ಲ, ನೀರಿನ ದಾಹವಲ್ಲ, ಯೆಹೋವನ ವಾಕ್ಯಗಳನ್ನು ಕೇಳುವುದರ ಬರವೆಂದೂ ಹೇಳಿದೆ. ಜನರು ಅಲೆದಲೆದು ಹುಡುಕಿದರೂ ಅದು ಸಿಗುವುದಿಲ್ಲವಂತೆ. ಹುಡುಕುವವರಿಗೆ ಸಿಗದಂತೆ ಮಾಡುವುದು ನ್ಯಾಯವೇ? ಎಲ್ಲರ ಮೊಬೈಲಿನಲ್ಲೂ ಸತ್ಯವೇದ ಇರುವ ಈ ಕಾಲಕ್ಕೆ ಇದು ಹೇಗೆ ಅನ್ವಯಿಸುತ್ತದೆ? ನನ್ನ ತಂದೆಯವರ ಕೊನೆಯ ಕಾಯಿಲೆಯಲ್ಲಿ ನಾವು ಮಾಡಿದ ಪ್ರಾರ್ಥನೆಗಳಿಗೆ ಉತ್ತರ ಬರಲಿಲ್ಲ. ಸಭೆಯ ಹಿರಿಯರೊಬ್ಬರು ಇದೇ ವಚನವನ್ನು ತೋರಿಸಿ, ದೇವರು ನಿಮ್ಮ ಮನೆಯವರೊಂದಿಗೆ ಮಾತುಬಿಟ್ಟಿದ್ದಾನೆ ಎಂದರು. ಅವರು ಹೇಳಿದ್ದು ಸರಿಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರಿಸುತ್ತೇನೆ. ಸರಿಯಲ್ಲ. ಆ ವಚನ ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ ಕುಳಿತು ಪ್ರಾರ್ಥಿಸುವವರನ್ನು ಕುರಿತದ್ದಲ್ಲ. ಪ್ರವಾದಿಯ ಬಾಯಿ ಮುಚ್ಚಿಸಿ, ಬಡವರ ಧಾನ್ಯದಲ್ಲಿ ಮೋಸ ಮಾಡಿ, ಆಮೇಲೆ ತಮಗೆ ಆಪತ್ತು ಬಂದಾಗ ದೇವರ ಮಾತಿಗಾಗಿ ಓಡಾಡುವವರನ್ನು ಕುರಿತದ್ದು. ಹೀಗೆಂದು ನಾನು ಹೇಳುವುದು ನಿಮ್ಮನ್ನು ಸಮಾಧಾನಪಡಿಸುವುದಕ್ಕಲ್ಲ. ಆ ಅಧ್ಯಾಯವೇ ಹಾಗೆ ಹೇಳುತ್ತದೆ. 11ನೆಯ ವಚನವನ್ನು ಮಾತ್ರ ಕಿತ್ತು ತೆಗೆದು ಓದುವ ರೂಢಿ ನಮ್ಮ ಪ್ರಸಂಗಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಅದರ ಹಿಂದೆ ಇರುವ ತಕ್ಕಡಿ, ಅಳತೆ, ಗೋಧಿಯ ಹೊಟ್ಟು ಯಾವುದೂ ಕೇಳುಗರ ನೆನಪಿನಲ್ಲಿ ಉಳಿದಿಲ್ಲ.

ಆಮೋಸನು ಯೆರೂಸಲೇಮಿನ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್ ದೂರದ ತೆಕೋವದವನು; ಕುರಿ ಸಾಕುವವನು, ಅತ್ತಿಹಣ್ಣಿನ ಕೆಲಸ ಮಾಡುವವನು. ಊರು ಯೆಹೂದದಲ್ಲಿ, ಆದರೆ ಅವನು ಹೋಗಿ ಮಾತಾಡಿದ್ದು ಉತ್ತರದ ಇಸ್ರಾಯೇಲ್ ರಾಜ್ಯದಲ್ಲಿ, ಎರಡನೆಯ ಯಾರೊಬ್ಬಾಮನ ಆಳ್ವಿಕೆಯಲ್ಲಿ, ಅಂದರೆ ಕ್ರಿಸ್ತಪೂರ್ವ 8ನೆಯ ಶತಮಾನದ ಮೊದಲರ್ಧದಲ್ಲಿ. ಅದು ಬಡತನದ ಕಾಲವಾಗಿರಲಿಲ್ಲ. ಯಾರೊಬ್ಬಾಮನು ಉತ್ತರದ ಹಮಾತಿನ ದಾರಿಯಿಂದ ಲವಣಸಮುದ್ರದವರೆಗೆ ಗಡಿಯನ್ನು ಮರಳಿ ಪಡೆದಿದ್ದನೆಂದು ಅರಸುಗಳ ಎರಡನೆಯ ಗ್ರಂಥ ಹೇಳುತ್ತದೆ. ಆ ಉತ್ತರ ರಾಜ್ಯದ ರಾಜಧಾನಿಯಾದ ಸಮಾರ್ಯದ ಅಗೆತದಲ್ಲಿ 1910ರಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೆ ಹಳೆಯ ದ್ರಾಕ್ಷಾರಸ, ಶುದ್ಧ ಎಣ್ಣೆ ಇವುಗಳ ಲೆಕ್ಕವನ್ನು ಮಸಿಯಲ್ಲಿ ಬರೆದಿದೆ. ಅದೇ ಬೆಟ್ಟದಲ್ಲಿ ಪೀಠೋಪಕರಣಗಳಿಗೆ ಕೂರಿಸುತ್ತಿದ್ದ ಕೆತ್ತನೆಯ ದಂತದ ತುಣುಕುಗಳೂ ದೊರೆತಿವೆ. ದಂತದ ಮಂಚಗಳ ಮೇಲೆ ಒರಗಿ, ಬೋಗುಣಿಗಳಲ್ಲಿ ದ್ರಾಕ್ಷಾರಸ ಕುಡಿದು, ಶ್ರೇಷ್ಠ ತೈಲ ಹಚ್ಚಿಕೊಳ್ಳುವವರೆಂದು ಆಮೋಸನು 6ನೆಯ ಅಧ್ಯಾಯದಲ್ಲಿ ಬೈಯುವುದು ಬರಿಯ ಮಾತಿನ ಅಬ್ಬರವಲ್ಲ ಎಂಬುದಕ್ಕೆ ನೆಲದೊಳಗಿನ ಈ ಸಾಕ್ಷ್ಯ ಸಾಕು.

ಈಗ 8ನೆಯ ಅಧ್ಯಾಯದ 4ನೆಯ ವಚನಕ್ಕೆ ಬನ್ನಿ. ಅಮಾವಾಸ್ಯೆ ಯಾವಾಗ ಮುಗಿಯುತ್ತದೆ, ದವಸ ಮಾರೋಣ. ವಾರದ ವಿಶ್ರಾಂತಿ ದಿನವಾದ ಸಬ್ಬತ್ತು ಯಾವಾಗ ಕಳೆಯುತ್ತದೆ, ಗೋಧಿಯ ಕಣಜ ತೆರೆಯೋಣ ಎಂದು ಕಾದಿರುವ ವ್ಯಾಪಾರಿಗಳು ಅಲ್ಲಿದ್ದಾರೆ. ಅವರು ಹಬ್ಬವನ್ನು ಮುರಿಯುವವರಲ್ಲ. ಅಂಗಡಿ ಮುಚ್ಚಿ, ಆರಾಧನೆಗೆ ಬಂದು, ಮನಸ್ಸಿನಲ್ಲಿ ಮರುದಿನದ ಲೆಕ್ಕ ಹಾಕುವವರು. ಮೋಸದ ವಿಧಾನವನ್ನು ಪ್ರವಾದಿ ಕಸುಬು ಬಲ್ಲವನಂತೆ ಬಿಡಿಸಿ ಹೇಳುತ್ತಾನೆ. ಏಫಾ ಎಂಬುದು ಸುಮಾರು 22 ಲೀಟರ್ ಹಿಡಿಯುವ ಧಾನ್ಯದ ಅಳತೆ. ಕೊಡುವಾಗ ಅದನ್ನು ಕಿರಿದು ಮಾಡುತ್ತಾರೆ. ಆಗ ನಾಣ್ಯವಿರಲಿಲ್ಲ, ಕೊಳ್ಳುವವನು ತಂದ ಬೆಳ್ಳಿಯನ್ನು ತೂಕದ ಕಲ್ಲಿಟ್ಟು ತೂಗುತ್ತಿದ್ದರು. ಸುಮಾರು 11 ಗ್ರಾಮಿನ ಶೆಕೆಲ್ ಎಂಬ ತೂಕದ ಕಲ್ಲನ್ನು ತುಸು ಭಾರ ಮಾಡಿದರೆ ಅವನಿಂದ ಹೆಚ್ಚು ಬೆಳ್ಳಿ ಬರುತ್ತದೆ. ಹೀಗೆ ಕೊಡುವಾಗಲೂ ಪಡೆಯುವಾಗಲೂ ಲಾಭ, ಅದರ ಮೇಲೆ ಕಾಳಿನೊಂದಿಗೆ ಹೊಟ್ಟನ್ನೂ ಸೇರಿಸಿ ಮಾರುವುದು, ಸಾಲ ತೀರಿಸಲಾಗದ ಬಡವನನ್ನು ಒಂದು ಜೊತೆ ಕೆರದ ಬೆಲೆಗೆ ಕೊಂಡುಕೊಳ್ಳುವುದು. ಬೇರೆಯವರ ತಟ್ಟೆಯ ಅನ್ನ ಕಡಿಮೆ ಮಾಡಿದವರಿಗೆ ದೇವರು ಅನ್ನದ್ದಲ್ಲದ ಬರವನ್ನು ಕಳುಹಿಸುತ್ತಾನೆ ಎಂಬುದು ಅಧ್ಯಾಯದ ನಡೆ. 4ರಿಂದ 6ನೆಯ ವಚನಗಳನ್ನು ಬಿಟ್ಟು 11ನ್ನು ಓದಿದರೆ, ಅದು ಯಾರಿಗೆ ಬೇಕಾದರೂ ಅಂಟಿಸಬಹುದಾದ ಚೀಟಿಯಾಗುತ್ತದೆ.

ಇದಕ್ಕೂ ಮುಂಚಿನ ಅಧ್ಯಾಯದಲ್ಲಿ ಇನ್ನೊಂದು ಘಟನೆಯಿದೆ. ಬೇತೇಲಿನ ಯಾಜಕನಾದ ಅಮಚ್ಯನು ಅರಸನಿಗೆ ದೂರು ಕಳುಹಿಸಿ, ಆಮೋಸನನ್ನು ಕರೆದು, ಯೆಹೂದಕ್ಕೆ ಓಡಿಹೋಗು, ಅಲ್ಲಿ ರೊಟ್ಟಿ ತಿಂದುಕೊಂಡು ಅಲ್ಲೇ ಪ್ರವಾದಿಸು, ಬೇತೇಲಿನಲ್ಲಿ ಮಾತ್ರ ಇನ್ನು ಬಾಯಿ ತೆರೆಯಬೇಡ, ಇದು ಅರಸನ ದೇವಾಲಯ ಎನ್ನುತ್ತಾನೆ. ಇದು ಒಬ್ಬ ಅಧಿಕಾರಿಯ ಮಾತು ಮಾತ್ರವಾಗಿರಲಿಲ್ಲ; ನೀವು ಪ್ರವಾದಿಗಳಿಗೆ ಪ್ರವಾದಿಸಬೇಡಿರೆಂದು ಆಜ್ಞಾಪಿಸಿದಿರಿ ಎಂದು ಗ್ರಂಥದ 2ನೆಯ ಅಧ್ಯಾಯದಲ್ಲೇ ಇಡೀ ಜನದ ಮೇಲೆ ಆರೋಪವಿದೆ. ಹಾಗೆಂದು ಅರಸನಿಗೆ ಪ್ರವಾದಿಗಳೇ ಬೇಡವಾಗಿದ್ದರೆಂದಲ್ಲ. ಗಡಿ ವಿಸ್ತಾರವಾಗುವುದೆಂದು ಇದೇ ಯಾರೊಬ್ಬಾಮನ ಕಾಲದಲ್ಲಿ ಶುಭವಾರ್ತೆ ನುಡಿದವನು ಅಮಿತ್ತೈಯನ ಮಗನಾದ ಯೋನ, ಮುಂದೆ ಮೀನಿನ ಕಥೆಯಿಂದ ಹೆಸರಾದವನು. ಗಡಿಯ ಕುರಿತ ಮಾತು ಅರಮನೆಗೆ ಹಿತವಾಗಿತ್ತು, ತಕ್ಕಡಿಯ ಕುರಿತ ಮಾತು ಆಗಲಿಲ್ಲ. ಗ್ರಂಥವನ್ನು ಜೋಡಿಸಿದವರು ಅಮಚ್ಯನ ಪ್ರಸಂಗವನ್ನು ಬರದ ಪ್ರವಾದನೆಗೆ ಸ್ವಲ್ಪವೇ ಮುಂಚೆ ಇಟ್ಟದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕೇಳಲು ಒಲ್ಲೆವೆಂದವರಿಗೆ ದೇವರು, ಹಾಗೇ ಆಗಲಿ ಎನ್ನುತ್ತಾನೆ.

ಹುಡುಕಿದರೂ ಸಿಗದಿರುವುದು ನ್ಯಾಯವೇ ಎಂಬ ನಿಮ್ಮ ಪ್ರಶ್ನೆ ಇಲ್ಲಿ ಬರುತ್ತದೆ. ನನ್ನನ್ನು ಹುಡುಕಿ ಬದುಕಿಕೊಳ್ಳಿರಿ ಎಂದು 5ನೆಯ ಅಧ್ಯಾಯದಲ್ಲಿ ಕರೆದ ದೇವರೇ 8ರಲ್ಲಿ ಸಿಗುವುದಿಲ್ಲ ಎನ್ನುವುದು ಮೇಲ್ನೋಟಕ್ಕೆ ಮಾತು ತಪ್ಪಿದಂತೆ ಕಾಣುತ್ತದೆ. ಆದರೆ ಆ ಕರೆಯ ಬೆನ್ನಿಗೇ ಬೇತೇಲನ್ನು ಹುಡುಕಬೇಡಿರಿ, ಗಿಲ್ಗಾಲಿಗೆ ಹೋಗಬೇಡಿರಿ, ಬೇರ್ಷೆಬಕ್ಕೆ ಪ್ರಯಾಣ ಮಾಡಬೇಡಿರಿ ಎಂದು ಆಗಿನ ಯಾತ್ರಾಸ್ಥಳಗಳನ್ನು ಹೆಸರಿಸಿದ ಮಾತಿದೆ. ಮುಂದೆ ಕೆಲವೇ ಸಾಲುಗಳಲ್ಲಿ, ಕೆಟ್ಟದ್ದನ್ನಲ್ಲ, ಒಳ್ಳೆಯದನ್ನು ಹುಡುಕಿರಿ, ಊರಬಾಗಿಲಲ್ಲಿ ನ್ಯಾಯವನ್ನು ಸ್ಥಾಪಿಸಿರಿ ಎಂದು ಹುಡುಕಾಟದ ಅರ್ಥವನ್ನೂ ಹೇಳಿದೆ. ಊರಬಾಗಿಲು ಎಂದರೆ ಆಗಿನ ನ್ಯಾಯಸ್ಥಾನ. ಹಿರಿಯರು ಕುಳಿತು ವ್ಯಾಜ್ಯ ತೀರಿಸುತ್ತಿದ್ದ ಜಾಗ. 8ನೆಯ ಅಧ್ಯಾಯದಲ್ಲಿ ಓಡಾಡುವವರು ಅಲ್ಲಿಗೆ ಹೋಗುವುದಿಲ್ಲ. ಅವರು ಸಮುದ್ರದಿಂದ ಸಮುದ್ರಕ್ಕೆ, ಬಡಗಣಿಂದ ಮೂಡಣಕ್ಕೆ ತಿರುಗುತ್ತಾರೆ, ಮತ್ತು ಅಧ್ಯಾಯದ ಕೊನೆಯ ವಚನದ ಪ್ರಕಾರ ಅಲ್ಲಿ ಬಿದ್ದು ಮತ್ತೆ ಏಳದವರು ದಾನಿನ ದೇವರ ಆಣೆ, ಬೇರ್ಷೆಬದ ದಾರಿಯ ಆಣೆ ಎನ್ನುವವರು. ಹೋಗಬೇಡಿರೆಂದ ಬೇರ್ಷೆಬದ ಹೆಸರು ಕೊನೆಯವರೆಗೂ ಅವರ ನಾಲಿಗೆಯ ಮೇಲಿದೆ.

ಆ ವಚನದಲ್ಲಿ ದಕ್ಷಿಣ ದಿಕ್ಕಿನ ಹೆಸರಿಲ್ಲದ್ದನ್ನು ಗಮನಿಸಿ, ದಕ್ಷಿಣದ ಯೆರೂಸಲೇಮಿಗೆ ಹೋಗಿದ್ದರೆ ವಾಕ್ಯ ಸಿಗುತ್ತಿತ್ತೆಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಜಾಣ್ಮೆಯ ಓದು, ಆದರೆ ನಾನು ಅದನ್ನು ನೆಚ್ಚುವುದಿಲ್ಲ. ಬೇರ್ಷೆಬವೇ ದಕ್ಷಿಣದ ತುದಿಯಲ್ಲಿದೆ, ಅಲ್ಲಿಗೆ ಹೋಗುವವರೂ ಬೀಳುತ್ತಾರೆ.

ಅವರು ಹುಡುಕುವುದು ಏನನ್ನು ಎಂದೂ ಕೇಳಬೇಕು. ಆ ಕಾಲದಲ್ಲಿ ಯುದ್ಧ, ಬರ, ರೋಗ ಬಂದಾಗ ಜನರು ದರ್ಶಿಗಳ ಬಳಿ, ಯಾಜಕರ ಬಳಿ ಹೋಗಿ ದೇವರ ಉತ್ತರ ಕೇಳುವ ಪದ್ಧತಿಯಿತ್ತು. ಯುದ್ಧಕ್ಕೆ ಹೋಗೋಣವೇ ಬೇಡವೇ, ಮಗು ಬದುಕುತ್ತದೆಯೇ, ಶತ್ರು ಹಿಂದಿರುಗುತ್ತಾನೆಯೇ ಎಂಬಂಥ ಪ್ರಶ್ನೆಗಳು. ಆಮೋಸನು ಮುಂಗಾಣುವ ಓಟ ಇಂಥ ಉತ್ತರಕ್ಕಾಗಿ ಎಂಬುದು ನನ್ನ ತಿಳಿವಳಿಕೆ. ಅವರಿಗೆ ದೇವರ ಇಚ್ಛೆ ಏನೆಂಬುದು ಗೊತ್ತಿಲ್ಲದೆ ಇರಲಿಲ್ಲ. ಅದನ್ನು ಬೇತೇಲಿನ ಅಂಗಳದಲ್ಲೇ ಗಟ್ಟಿಯಾಗಿ ಹೇಳಲಾಗಿತ್ತು. 4ನೆಯ ಅಧ್ಯಾಯದಲ್ಲಿ ಅನ್ನದ ಕೊರತೆ, ಸುಗ್ಗಿಗೆ ಮೂರು ತಿಂಗಳು ಮುಂಚೆ ನಿಂತುಹೋದ ಮಳೆ, ಬೂಷ್ಟು, ಮಿಡತೆ, ವ್ಯಾಧಿ ಎಲ್ಲವನ್ನೂ ಎಣಿಸಿ, ಆದರೂ ನೀವು ನನ್ನ ಕಡೆಗೆ ತಿರುಗಲಿಲ್ಲ ಎಂದು ಐದು ಸಲ ಹೇಳಿದೆ. ಅಂದರೆ ಮೊದಲು ನಿಜವಾದ ಬರವೇ ಬಂದಿತ್ತು. ಅದಕ್ಕೂ ಜಗ್ಗದವರಿಗೆ ಎರಡನೆಯ ಬರ. ಹಾಗಿದ್ದರೂ ಇದನ್ನು ತೀರ ಸಲೀಸು ಮಾಡಿ, ದೇವರು ಸುಮ್ಮನಿದ್ದ, ತಪ್ಪೆಲ್ಲ ಕೇಳದವರದೇ ಎಂದು ಮುಗಿಸುವಂತಿಲ್ಲ. ಬರವನ್ನು ನಾನೇ ಕಳುಹಿಸುತ್ತೇನೆ ಎಂದು ದೇವರು ಹೊಣೆ ಹೊತ್ತುಕೊಂಡೇ ಹೇಳುತ್ತಾನೆ, ಮತ್ತು ಬಾಯಾರಿ ಮೂರ್ಛೆಹೋಗುವವರಲ್ಲಿ ಏನೂ ಅರಿಯದ ಯುವಕ ಯುವತಿಯರೂ ಇದ್ದಾರೆ. ಆ ಕಠೋರತೆಯನ್ನು ಪ್ರವಾದಿಯೇ ಮೆತ್ತಗೆ ಮಾಡಿಲ್ಲ. ಕ್ರಿಸ್ತಪೂರ್ವ 722ರ ಸುಮಾರಿಗೆ ಸಮಾರ್ಯವು ಅಶ್ಶೂರರ ವಶವಾಯಿತು. ಅಲ್ಲಿಂದ 27,000ಕ್ಕೂ ಹೆಚ್ಚು ಜನರನ್ನು ಸೆರೆ ಒಯ್ದೆನೆಂದು ಎರಡನೆಯ ಸರ್ಗೋನನು ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಮೌನಕ್ಕೆ ಮುಂಚೆ ಬಾಯಿ ಮುಚ್ಚಿಸುವ ಕೆಲಸ ನಡೆದಿರುತ್ತದೆಂಬುದು ಆಮೋಸನೊಬ್ಬನ ನೋಟವಲ್ಲ. ಇಸ್ರಾಯೇಲಿನ ಮೊದಲ ಅರಸನಾದ ಸೌಲನ ಕಡೆಯ ರಾತ್ರಿಯನ್ನು ನೋಡಿ. ಫಿಲಿಷ್ಟಿಯರ ಪಾಳೆಯವನ್ನು ಕಂಡು ಅವನ ಎದೆ ನಡುಗುತ್ತದೆ, ಯೆಹೋವನನ್ನು ವಿಚಾರಿಸುತ್ತಾನೆ, ಕನಸಿನಿಂದಾಗಲಿ, ಊರೀಮಿನಿಂದಾಗಲಿ, ಪ್ರವಾದಿಗಳಿಂದಾಗಲಿ ಉತ್ತರ ಬರುವುದಿಲ್ಲ. ಊರೀಮ್ ಎಂಬುದು ಯಾಜಕರು ದೈವೇಚ್ಛೆ ತಿಳಿಯಲು ಬಳಸುತ್ತಿದ್ದ ಸಾಧನ. ಆ ಯಾಜಕರನ್ನು ಸೌಲನೇ ಮುಗಿಸಿದ್ದನು. ದಾವೀದನಿಗೆ ರೊಟ್ಟಿ ಕೊಟ್ಟರೆಂಬ ಕೋಪಕ್ಕೆ ನೋಬಿನಲ್ಲಿ ನಾರುಬಟ್ಟೆಯ ಏಫೋದು ಎಂಬ ಯಾಜಕವಸ್ತ್ರ ಧರಿಸಿದ 85 ಮಂದಿಯನ್ನು ಏದೋಮ್ಯನಾದ ದೋಯೇಗನ ಕೈಯಿಂದ ಕೊಲ್ಲಿಸಿದನು. ತಪ್ಪಿಸಿಕೊಂಡ ಎಬ್ಯಾತಾರನೊಬ್ಬನು ಏಫೋದನ್ನು ಕೈಯಲ್ಲಿ ಹಿಡಿದುಕೊಂಡು ದಾವೀದನ ಬಳಿಗೆ ಓಡಿಹೋದನು. ಸಮುವೇಲನ ಗ್ರಂಥ ಈ ಎರಡನ್ನೂ ನೇರವಾಗಿ ಜೋಡಿಸಿ ಹೇಳುವುದಿಲ್ಲ, ಆದರೆ 22ನೆಯ ಅಧ್ಯಾಯ ಓದಿ 28ಕ್ಕೆ ಬಂದವರಿಗೆ ಉತ್ತರ ಏಕೆ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಸೌಲನು ವೇಷ ಮರೆಸಿಕೊಂಡು, ತಾನೇ ದೇಶದಿಂದ ಓಡಿಸಿದ್ದ ಭೂತ ವಿಚಾರಿಸುವವರಲ್ಲಿ ಉಳಿದಿದ್ದ ಏನ್ದೋರಿನ ಹೆಂಗಸಿನ ಮನೆಗೆ ಹೋಗುತ್ತಾನೆ. ಸತ್ತ ಸಮುವೇಲನ ಮಾತು ಕೇಳಿ ನೆಲಕ್ಕೆ ಬೀಳುತ್ತಾನೆ. ಹಗಲೂ ರಾತ್ರಿಯೂ ಏನೂ ತಿಂದಿರಲಿಲ್ಲವೆಂದು ಗ್ರಂಥ ಹೇಳುತ್ತದೆ. ಆಗ ಆ ಹೆಂಗಸು ಮನೆಯಲ್ಲಿದ್ದ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ, ಹುಳಿಯಿಲ್ಲದ ರೊಟ್ಟಿ ಸುಟ್ಟು, ಒತ್ತಾಯ ಮಾಡಿ ಉಣಿಸುತ್ತಾಳೆ. ದೇವರಿಂದ ಒಂದು ಮಾತೂ ಸಿಗದ ಅರಸನಿಗೆ ಅವನೇ ಗಡೀಪಾರು ಮಾಡಿದ ಕಸುಬಿನವಳು ಕೊನೆಯ ಊಟ ಹಾಕುವ ಈ ದೃಶ್ಯದ ಮುಂದೆ, ಆತ್ಮಿಕ ಹಸಿವಿನ ಬಗ್ಗೆ ನಾವು ಬರೆಯುವ ಪ್ರಬಂಧಗಳೆಲ್ಲ ಸಪ್ಪೆಯಾಗಿ ಕಾಣುತ್ತವೆ.

ಇದಕ್ಕೆ ವಿರುದ್ಧವಾದ ಪ್ರಸಂಗವೂ ಒಂದಿದೆ. ಬಾಬೆಲಿನವರು ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದ ಕಾಲದಲ್ಲಿ, ಅಂದರೆ ಕ್ರಿಸ್ತಪೂರ್ವ 587ರ ಸುಮಾರಿಗೆ, ಅರಸನಾದ ಚಿದ್ಕೀಯನು ಸೆರೆಯಲ್ಲಿದ್ದ ಯೆರೆಮೀಯನನ್ನು ಗುಟ್ಟಾಗಿ ಅರಮನೆಗೆ ಕರೆಸಿ, ಯೆಹೋವನಿಂದ ಮಾತೇನಾದರೂ ಉಂಟೋ ಎಂದು ಕೇಳುತ್ತಾನೆ. ಉಂಟು, ನೀನು ಬಾಬೆಲಿನ ಅರಸನ ಕೈಗೆ ಸಿಕ್ಕಿಬೀಳುವಿ ಎಂಬುದೇ ಉತ್ತರ. ಅರಸನು ಆ ಮಾತಿನಂತೆ ನಡೆಯಲಿಲ್ಲ, ಆದರೆ ಪ್ರವಾದಿಯನ್ನು ಕಾವಲಿನ ಅಂಗಳದಲ್ಲಿ ಇರಿಸಿ, ಪಟ್ಟಣದಲ್ಲಿ ರೊಟ್ಟಿ ತೀರುವ ತನಕ ರೊಟ್ಟಿಗಾರರ ಕೇರಿಯಿಂದ ದಿನಕ್ಕೊಂದು ರೊಟ್ಟಿ ಕೊಡಿಸಿದನು. ಇಲ್ಲಿ ದೇವರು ಮೌನವಾಗಿಲ್ಲ. ವಾಕ್ಯವು ಅರಸನ ಮನೆಯ ಅಂಗಳದಲ್ಲೇ, ಕಾವಲಿನಲ್ಲಿ, ದಿನಕ್ಕೊಂದು ರೊಟ್ಟಿ ತಿನ್ನುತ್ತ ಕುಳಿತಿದೆ. ಇದಕ್ಕೂ ಹಿಂದೆ ಅರಸನಾಗಿದ್ದ ಯೆಹೋಯಾಕೀಮನು ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತು, ಯೆರೆಮೀಯನ ಸುರುಳಿಯನ್ನು ಮೂರುನಾಲ್ಕು ಅಂಕಣ ಓದಿದಂತೆಲ್ಲ ಲೇಖಕನ ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕಿದ್ದನು.

ನಿಮ್ಮ ಮೊಬೈಲಿನ ಪ್ರಶ್ನೆಗೆ ಇದರಲ್ಲಿ ಅರ್ಧ ಉತ್ತರವಿದೆ. ಗ್ರಂಥ ಕೈಗೆ ಸಿಗುವುದಕ್ಕೂ ಕೇಳುವುದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಆಮೋಸನು ಹೇಳಿದ್ದು ಕೇಳುವುದರ ಬರವನ್ನು. ಪ್ರಾಚೀನ ಯೆಹೂದಿ ರಬ್ಬಿಗಳು ಇದನ್ನು ಇನ್ನೊಂದು ಬಗೆಯಲ್ಲಿ ಕಂಡರು. ಯೆರೂಸಲೇಮಿನ ದೇವಾಲಯ ಕ್ರಿಸ್ತಶಕ 70ರಲ್ಲಿ ನಾಶವಾದ ಮೇಲೆ ಯಾವ್ನೆಯಲ್ಲಿ ಸೇರಿದ ವಿದ್ವಾಂಸರು ಇದೇ ವಚನವನ್ನು ಎತ್ತಿಕೊಂಡು, ಮುಂದೊಂದು ದಿನ ಧರ್ಮಶಾಸ್ತ್ರವೇ ಇಸ್ರಾಯೇಲಿಗೆ ಮರೆತುಹೋದೀತು ಎಂದು ಭಯಪಟ್ಟರೆಂದು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ಬಾಬಿಲೋನಿಯ ತಾಲ್ಮೂದಿನಲ್ಲಿದೆ. ಅಲ್ಲಿ ಕೊಡುವ ಉದಾಹರಣೆ ಬಹಳ ಸಣ್ಣದು: ಒಬ್ಬ ಹೆಂಗಸು ಯಾಜಕರಿಗೆ ಮೀಸಲಾದ ರೊಟ್ಟಿಯೊಂದನ್ನು ಹಿಡಿದುಕೊಂಡು, ಇದು ಶುದ್ಧವೋ ಅಶುದ್ಧವೋ ಎಂದು ಕೇಳುತ್ತ ಸಭಾಮಂದಿರಗಳನ್ನೂ ಪಾಠಶಾಲೆಗಳನ್ನೂ ಸುತ್ತುತ್ತಾಳೆ, ಹೇಳಬಲ್ಲವರು ಯಾರೂ ಇಲ್ಲ. ಮಂದಿರಗಳಿವೆ, ಪಾಠಶಾಲೆಗಳಿವೆ, ಉತ್ತರವಿಲ್ಲ. ರಬ್ಬಿ ಶಿಮೋನ್ ಬರ್ ಯೋಹಾಯ್ ಮಾತ್ರ, ಶಾಸ್ತ್ರ ಮರೆತುಹೋಗುವ ಮಾತೇ ಇಲ್ಲ ಎಂದು ಅದನ್ನು ಒಪ್ಪಲಿಲ್ಲ.

ಉಳಿದರ್ಧ ಮೀಕನಲ್ಲಿದೆ. ಆಮೋಸನ ಮುಂದಿನ ತಲೆಮಾರಿನವನಾದ ಅವನು, ಬಾಯಿಗೆ ತಿನ್ನಲು ಕೊಟ್ಟರೆ ಸಮಾಧಾನ ಎಂದು ಸಾರುವ, ಕೊಡದವನ ಮೇಲೆ ಯುದ್ಧ ಸಾರುವ ಪ್ರವಾದಿಗಳನ್ನು ಹೆಸರಿಸದೆ ಚಿತ್ರಿಸುತ್ತಾನೆ. ಅವರಿಗೆ ದರ್ಶನವಿಲ್ಲದ ರಾತ್ರಿ ಕವಿಯುವುದು, ದೇವರಿಂದ ಉತ್ತರವಿಲ್ಲದ್ದರಿಂದ ಬಾಯಿ ಬಟ್ಟೆ ಮುಚ್ಚಿಕೊಳ್ಳುವರು ಎನ್ನುತ್ತಾನೆ. ಕಾಣಿಕೆಗೆ ತಕ್ಕ ಮಾತು ಎಲ್ಲೆಡೆ ಹೇರಳವಾಗಿ ಸಿಗುವ ಕಾಲವೇ ವಾಕ್ಯದ ಬರದ ಕಾಲವೂ ಆಗಬಹುದು. ಇಂದಿನ ಯಾವ ಸಭೆಗೆ ಇದು ಸಲ್ಲುತ್ತದೆಂದು ನಾನು ಹೇಳಹೋಗುವುದಿಲ್ಲ.

ಹಳೆಯ ಒಡಂಬಡಿಕೆಗೂ ಹೊಸದಕ್ಕೂ ನಡುವಿನ ನಾನೂರು ವರ್ಷಗಳ ಮೌನವೇ ಆಮೋಸನು ಹೇಳಿದ ಬರ ಎಂದು ನೀವು ಪ್ರಸಂಗಗಳಲ್ಲಿ ಕೇಳಿರಬಹುದು. ಹಗ್ಗಾಯ, ಜೆಕರ್ಯ, ಮಲಾಕಿಯರ ನಂತರ ಪ್ರವಾದನೆ ನಿಂತಿತೆಂಬ ನಂಬಿಕೆ ರಬ್ಬಿಗಳಲ್ಲೂ ಇತ್ತು. ಅಪವಿತ್ರವಾದ ಬಲಿಪೀಠದ ಕಲ್ಲುಗಳನ್ನು, ಪ್ರವಾದಿಯೊಬ್ಬನು ಬಂದು ಹೇಳುವವರೆಗೆ ಎತ್ತಿಟ್ಟರೆಂದು ಮಕ್ಕಬಿಯರ ಮೊದಲನೆಯ ಗ್ರಂಥದಲ್ಲಿದೆ. ಆದರೆ ಆಮೋಸನು ಮಾತಾಡಿದ್ದು ತನ್ನೆದುರಿನ ಉತ್ತರ ರಾಜ್ಯಕ್ಕೆ. ಅವನ ಬಳಿಕ ಹೋಶೇಯ, ಯೆಶಾಯ, ಯೆರೆಮೀಯ, ಯೆಹೆಜ್ಕೇಲ ಇಷ್ಟು ಜನ ಬಂದು ಹೋದ ಮೇಲಿನ ಅವಧಿಗೆ ಆ ವಚನವನ್ನು ಎಳೆದು ಕಟ್ಟುವುದಕ್ಕೆ ಗ್ರಂಥದಲ್ಲಿ ಆಧಾರವಿಲ್ಲ.

ಇನ್ನು ನಿಮ್ಮ ಮನೆಯ ವಿಷಯ. ಇಬ್ರಿಯ ಪ್ರವಾದಿಗಳಲ್ಲಿ ಎರಡು ಬಗೆಯ ಮೌನಗಳಿವೆ, ಅವನ್ನು ಒಂದರೊಡನೊಂದು ಬೆರೆಸಿದ್ದರಿಂದಲೇ ಆ ಹಿರಿಯರ ಮಾತು ನಿಮ್ಮನ್ನು ನೋಯಿಸಿದೆ. ಒಂದು, ಇಲ್ಲಿಯವರೆಗೆ ಹೇಳಿದ್ದು. ಇನ್ನೊಂದು, ಪ್ರವಾದಿಗಳೇ ಅನುಭವಿಸಿದ್ದು. ಯೆಹೋವನೇ, ನಾನು ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದಿಲ್ಲವಲ್ಲ ಎಂದೇ ಹಬಕ್ಕೂಕನ ಗ್ರಂಥ ಬಾಯಿ ತೆರೆಯುತ್ತದೆ. ಅವನು ತಪ್ಪು ಮಾಡಿದನೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಅವನು ದೂರು ಹೇಳಿ, ಕಾವಲುಗೋಪುರದಲ್ಲಿ ನಿಂತು ಉತ್ತರಕ್ಕೆ ಕಾಯುತ್ತಾನೆ. ಯೆಶಾಯನು, ಯಾಕೋಬನ ಮನೆತನಕ್ಕೆ ಮುಖ ಮರೆಸಿಕೊಂಡಿರುವ ಯೆಹೋವನಿಗಾಗಿ ಕಾದಿರುವೆನು ಎಂದು, ಇಡೀ ಜನದ ಮೇಲೆ ಬಂದ ಮೌನದಲ್ಲಿ ತಾನೂ ಪಾಲುಗಾರನಾಗಿ ಕುಳಿತುಕೊಳ್ಳುತ್ತಾನೆ. ಯೆರೆಮೀಯನು ಕೂಡ ಜನರು ಉತ್ತರ ಕೇಳಿದಾಗ ಹತ್ತು ದಿನ ಕಾದ ಬಳಿಕವೇ ಅವನಿಗೆ ವಾಕ್ಯ ಉಂಟಾಯಿತೆಂದು 42ನೆಯ ಅಧ್ಯಾಯದಲ್ಲಿದೆ. ಮೌನವನ್ನು ಕಂಡ ಕೂಡಲೇ ಶಿಕ್ಷೆಯೆಂದು ತೀರ್ಪು ಕೊಡುವುದಾದರೆ, ಈ ಮೂವರ ಮೇಲೂ ಅದೇ ತೀರ್ಪು ಬರೆಯಬೇಕಾದೀತು.

ನೀವು ಪ್ರಲಾಪಗಳ ಗ್ರಂಥವನ್ನು ಬಿಡುವು ಮಾಡಿಕೊಂಡು ಪೂರ್ತಿ ಓದಿರೆಂದು ನನ್ನ ವಿನಂತಿ. ಪಟ್ಟಣ ಸುಟ್ಟುಹೋಗಿದೆ, ಎಳೆಗೂಸಿನ ನಾಲಿಗೆ ಬಾಯಾರಿ ಅಂಗುಳಕ್ಕೆ ಅಂಟಿದೆ, ಮಕ್ಕಳು ರೊಟ್ಟಿ ಕೇಳುತ್ತಿದ್ದಾರೆ, ಮುರಿದು ಕೊಡುವವರಿಲ್ಲ, ಪ್ರವಾದಿಗಳಿಗೆ ಯೆಹೋವನಿಂದ ದರ್ಶನವಿಲ್ಲ. ಅನ್ನದ ಬರವೂ ವಾಕ್ಯದ ಬರವೂ ಅಲ್ಲಿ ಒಟ್ಟಿಗೇ ಬಂದಿವೆ. ಪ್ರಾರ್ಥನೆ ದಾಟದಂತೆ ನೀನು ಮೋಡವನ್ನು ಮರೆಮಾಡಿಕೊಂಡಿದ್ದೀ ಎಂದು ದೇವರ ಮುಖಕ್ಕೇ ಹೇಳುವ ಧೈರ್ಯ ಆ ಗ್ರಂಥಕ್ಕಿದೆ, ಹಾಗೆ ಹೇಳುತ್ತಲೇ ತಮ್ಮ ಜನದ ಪಾಪವನ್ನೂ ಅದು ಮುಚ್ಚಿಡುವುದಿಲ್ಲ. ಐದು ಅಧ್ಯಾಯಗಳಲ್ಲಿ ದೇವರು ತಾನಾಗಿ ಒಂದು ಮಾತನ್ನೂ ಆಡುವುದಿಲ್ಲ. ಹೆಚ್ಚೆಂದರೆ, ನಾನು ಕೂಗಿದಾಗ ಭಯಪಡಬೇಡವೆಂದು ನೀನು ಅಂದಿದ್ದೆ ಎಂದು ಒಬ್ಬನು ನೆನಪು ಮಾಡಿಕೊಳ್ಳುತ್ತಾನೆ. ಕೊನೆಯ ವಚನ, ನಮ್ಮನ್ನು ಸಂಪೂರ್ಣವಾಗಿ ತಳ್ಳಿಬಿಟ್ಟೆಯೋ ಎಂಬ ಸಂದೇಹದಲ್ಲೇ ನಿಲ್ಲುತ್ತದೆ. ದೇವಾಲಯದ ನಾಶವನ್ನು ನೆನೆಯುವ ಆಬ್ ತಿಂಗಳ ಒಂಬತ್ತನೆಯ ದಿನ ಯೆಹೂದ್ಯರು ಉಪವಾಸವಿದ್ದು, ಸಭಾಮಂದಿರದಲ್ಲಿ ಈ ಗ್ರಂಥವನ್ನು ಪ್ರತಿವರ್ಷ ಓದುತ್ತಾರೆ. ಆ ಸಂದೇಹದ ಮೇಲೆ ಓದು ಮುಗಿಯಬಾರದೆಂದು, ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ ಎನ್ನುವ ಅದರ ಹಿಂದಿನ ವಚನವನ್ನು ಮತ್ತೊಮ್ಮೆ ಎಲ್ಲರೂ ಗಟ್ಟಿಯಾಗಿ ಓದುವ ಪದ್ಧತಿಯಿದೆ. ಗ್ರಂಥದ ಕೊನೆಯ ಸಾಲನ್ನು ಮಾತ್ರ ಯಾರೂ ತಿದ್ದಲು ಹೋಗಲಿಲ್ಲ.